ಹಲವು ಹೂವಿನ ಜೇನು, ಒಂದೇ ಹೂವಿನ ಜೇನು

ಹೋದ ಸಲ ಜೇನುಗೂಡಿನ ಬಗ್ಗೆ ಮಾತಾಡಿದ್ವಿ. ಇವತ್ತು ಜೇನ್ನೊಣದ ಊಟದ ವಿಚಾರ.

ಮೊದಲು ಒಂದು ವ್ಯತ್ಯಾಸ ನೆನಪಿರಲಿ. ಮಕರಂದ ಹಾರಾಟಕ್ಕೆ ಬೇಕಾದ ಶಕ್ತಿ ಕೊಡುತ್ತೆ. ಮರಿಗಳು ಬೆಳೆಯೋಕೆ ಬೇಕಾದ ಪ್ರೋಟೀನ್ ಸಿಗೋದು ಪರಾಗದಿಂದ. ನಾವು ಇವತ್ತು ಹೇಳೋ ಪದಗಳೆಲ್ಲ ಪರಾಗಕ್ಕೆ ಸಂಬಂಧಿಸಿದ್ದು.

ಒಂದಕ್ಕೊಂದು ನಂಟಿಲ್ಲದ ಹಲವು ಕುಟುಂಬಗಳ ಗಿಡಗಳಿಂದ ಪರಾಗ ತರೋ ಜೇನ್ನೊಣಗಳನ್ನ 'ಪಾಲಿಲೆಕ್ಟಿಕ್' ಅಂತಾರೆ. 'ಪಾಲಿ' ಅಂದರೆ ಹಲವು, 'ಲೆಕ್ಟ್' ಅಂದರೆ ಆರಿಸಿ ಕೂಡಿಸಿದ್ದು. ನಾವು ಇದನ್ನ 'ಬಹುಪರಾಗಿ' ಅನ್ನೋಣ. ನಮ್ಮೂರ ಹೆಜ್ಜೇನು, ತುಡುವೆ, ಕೋಲುಜೇನು ಎಲ್ಲವೂ ಬಹುಪರಾಗಿಗಳೇ. ಕಾರಣ ಸರಳ: ಗೂಡು ವರ್ಷವಿಡೀ ಬದುಕಬೇಕು, ಯಾವ ಒಂದು ಹೂವೂ ವರ್ಷವಿಡೀ ಅರಳಲ್ಲ.

ಹಾಗಂತ ಒಂದು ನೊಣ ಒಂದೇ ಸುತ್ತಿನಲ್ಲಿ ಹತ್ತು ಬಗೆಯ ಹೂವಿಗೆ ಹೋಗುತ್ತೆ ಅಂತಲ್ಲ. ಒಂದು ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಒಂದೇ ಬಗೆಯ ಹೂವಿಗೆ ಅಂಟಿಕೊಂಡಿರುತ್ತೆ. ಬಹುಪರಾಗಿ ಅನ್ನೋದು ಇಡೀ ಪ್ರಭೇದದ ಗುಣ.

ಇದಕ್ಕೆ ಎದುರಾದದ್ದು 'ಆಲಿಗೋಲೆಕ್ಟಿಕ್', ಅಂದರೆ ಹತ್ತಿರದ ನಂಟಿನ ಕೆಲವೇ ಗಿಡಗಳನ್ನ ನಂಬಿದ ನೊಣಗಳು. ಇವನ್ನ 'ಮಿತಪರಾಗಿ' ಅನ್ನಬಹುದು. ಅಮೆರಿಕದ ಇಲಿನಾಯ್‌ನಲ್ಲಿ ಹೂವು ಮತ್ತು ಕೀಟಗಳನ್ನ ದಶಕಗಟ್ಟಲೆ ಗಮನಿಸಿದ ಚಾರ್ಲ್ಸ್ ರಾಬರ್ಟ್‌ಸನ್ 1925ರಲ್ಲಿ ಈ ಪದಗಳನ್ನ ಬಳಕೆಗೆ ತಂದರು.

ಅಮೆರಿಕದಲ್ಲಿರೋ ನಮ್ಮ ಕೇಳುಗರು ಹಿತ್ತಲಲ್ಲೇ ಒಂದು ಮಿತಪರಾಗಿಯನ್ನ ನೋಡಬಹುದು. ಹೆಸರು ಸ್ಕ್ವಾಷ್ ಬೀ. ಮರಿಗಳಿಗೆ ಸಿಹಿಗುಂಬಳದ ಜಾತಿಯ ಪರಾಗವೇ ಆಗಬೇಕು. ನಸುಕಿನಲ್ಲೇ ಕೆಲಸ ಶುರು. ಮಧ್ಯಾಹ್ನ ಮುದುಡಿದ ಹೂವನ್ನ ಬಿಡಿಸಿ ನೋಡಿದರೆ ಒಳಗೆ ಗಂಡು ನೊಣ ಮಲಗಿರಬಹುದು! ಅಂದಹಾಗೆ, ನಾವು 'ನಮ್ಮದೇ' ಅಂದುಕೊಂಡಿರೋ ಸಿಹಿಗುಂಬಳದ ಮೂಲವೂ ಅಮೆರಿಕ ಖಂಡವೇ.

ಹೆಣ್ಣು ನೊಣ ಮರಿಗಳಿಗೆ ಮನೆ ಮಾಡೋದು ನೆಲದೊಳಗೆ, ಹಲವು ಸಲ ಅದೇ ಬಳ್ಳಿಯ ಬುಡದ ಹತ್ತಿರ. ಬೆಳೆ ಮುಗೀತು ಅಂತ ಮಡಿಯನ್ನ ಆಳವಾಗಿ ಅಗೆದರೆ ಮುಂದಿನ ವರ್ಷದ ನೊಣಗಳೂ ಹೋಗಬಹುದು.

ಒಂದು ಹೂವು ಕಣ್ಮರೆಯಾದರೆ ಬಹುಪರಾಗಿ ಇನ್ನೊಂದಕ್ಕೆ ಹೋಗುತ್ತೆ, ಮಿತಪರಾಗಿಗೆ ಹೋಗೋಕೆ ಜಾಗವಿಲ್ಲ. ಹಾಗಾಗಿ ಜೇನುಪೆಟ್ಟಿಗೆ ಇಟ್ಟ ಮಾತ್ರಕ್ಕೆ ಎಲ್ಲ ಜೇನ್ನೊಣಗಳೂ ಉಳಿಯಲ್ಲ. ನೀವಿರೋ ಊರಿನದೇ ಹೂಗಿಡಗಳನ್ನೂ ಒಂದೆರಡು ನೆಡಿ, ಸ್ವಲ್ಪ ನೆಲ ಅಗೆಯದೆ ಬಿಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.