ಲೋಹದ ದಣಿವನ್ನಳೆದ ಫಾರ್ನ್‌ಬರೋ

ಒಂದೇ ಸಲದ ಎಳೆತಕ್ಕೆ ಜಗ್ಗದ ಅಲ್ಯೂಮಿನಿಯಂ ಮಿಶ್ರಲೋಹವು, ಅದಕ್ಕಿಂತ ಎಷ್ಟೋ ಕಡಿಮೆಯ ಭಾರವನ್ನು ಸಾವಿರಾರು ಸಲ ಹೊತ್ತು ಇಳಿಸುವಷ್ಟರಲ್ಲಿ, ಕಣ್ಣಿಗೆ ಕಾಣದ ಬಿರುಕೊಂದನ್ನು ತನ್ನಲ್ಲಿ ಬೆಳೆಸಿಕೊಂಡು ಒಂದು ದಿನ ಹಠಾತ್ತನೆ ಸೀಳಿಹೋಗುವುದುಂಟು. ಲೋಹದ ದಣಿವೆಂದು ಕರೆಯುವ ಈ ವ್ಯಾಪಾರವನ್ನು ಅಳೆಯುವ ವಿದ್ಯೆ ಪ್ರೌಢಿಮೆಗೆ ಬಂದ ಸ್ಥಳಗಳಲ್ಲಿ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಸ್ಥೆ ಅಗ್ರಗಣ್ಯವಾದುದು.

1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಇಟಲಿಯ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರದ ಪಾಲಾದಾಗ, ಈ ಸಂಸ್ಥೆಯವರು ಅದೇ ಬಗೆಯ ಮತ್ತೊಂದು ವಿಮಾನದ ಒಡಲನ್ನು ಭಾರಿ ತೊಟ್ಟಿಯೊಂದರಲ್ಲಿರಿಸಿ, ರೆಕ್ಕೆಗಳನ್ನು ತೊಟ್ಟಿಯ ಗೋಡೆಗಳಾಚೆಗೆ ಚಾಚುವಂತೆ ಮಾಡಿ, ಒಳಗೂ ಹೊರಗೂ ನೀರು ತುಂಬಿ, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಗಾಳಿ ತುಂಬಿದ್ದರೆ ಒಡಲು ಚೂರುಚೂರಾಗಿ ಸಿಡಿದು ಬಿರುಕಿನ ಮೂಲವೇ ಅಳಿದುಹೋಗುತ್ತಿತ್ತು. ನೀರು ಒತ್ತಡಕ್ಕೆ ಹೆಚ್ಚು ಕುಗ್ಗದ ವಸ್ತುವಾದುದರಿಂದ, ಹಿಂದೆ ಹಾರಿದ ಹಾರಾಟಗಳೂ ಸೇರಿ 3057 ಆವರ್ತಗಳಾದ ಮೇಲೆ ಒಡಲು ಸೀಳಿದಾಗ, ಸೀಳು ಕಿಟಕಿಯ ಮೂಲೆಯಿಂದ ಹೊರಟದ್ದು ಸ್ಪಷ್ಟವಾಗಿ ಉಳಿಯಿತು.

ಗಂಟೆಗಟ್ಟಲೆಯ ಹಾರಾಟವನ್ನು ತೊಟ್ಟಿಯಲ್ಲಿ ಕೆಲವೇ ನಿಮಿಷಗಳಿಗೆ ಇಳಿಸಿದ್ದರಷ್ಟೆ. ಹೀಗೆ ಕಾಲವನ್ನು ಸಂಕ್ಷೇಪಿಸುವುದು ಎಷ್ಟರಮಟ್ಟಿಗೆ ನ್ಯಾಯ? ಈ ವಿದ್ಯೆಯ ಅತ್ಯಂತ ಗಹನವಾದ ಪ್ರಶ್ನೆ ಇದೇ ಎಂದು ನನ್ನ ಭಾವನೆ. ಪ್ರತಿಯೊಂದು ಎಳೆತಕ್ಕೂ ಬಿರುಕಿನ ತುದಿ ಬಾಯ್ದೆರೆದು, ಆಕ್ಸೈಡ್ ಪೊರೆಯಿಲ್ಲದ ಹೊಸ ಲೋಹ ಬಯಲಾಗುತ್ತದೆ. ಗಾಳಿಯಲ್ಲಿರುವ ನೀರಿನ ಆವಿ ಅದನ್ನು ಸೇರಿ ವರ್ತಿಸಿದಾಗ ಹುಟ್ಟಿದ ಜಲಜನಕವು ಲೋಹದೊಳಕ್ಕೆ ಇಳಿದು, ಅಲ್ಲಿಯ ಕಸುವನ್ನು ಕೆಡಿಸಿ, ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಭಾರ ನಿಧಾನವಾಗಿ ಬಂದರೆ ಆವಿಗೆ ಅವಕಾಶ ಹೆಚ್ಚು. ಅತಿವೇಗವಾಗಿ ಬಂದರೆ ಆವಿ ತುದಿಯನ್ನು ತಲಪುವ ಮುನ್ನವೇ ಬಿರುಕು ಮುಚ್ಚಿಕೊಳ್ಳುವುದರಿಂದ, ಲೋಹ ಇರುವುದಕ್ಕಿಂತ ದೀರ್ಘಾಯುವಾಗಿ ತೋರುತ್ತದೆ. ನಿರ್ವಾತದಲ್ಲಿ ಪರೀಕ್ಷಿಸಿದರೆ ಈ ಭೇದ ಬಹುಮಟ್ಟಿಗೆ ಮಾಯವಾಗುವುದೇ ಇದಕ್ಕೆ ಸಾಕ್ಷಿ. ಸೆಕೆಂಡಿಗೆ 50 ಆವರ್ತಗಳ ಯಂತ್ರಕ್ಕೆ ನೂರು ಕೋಟಿ ಆವರ್ತಗಳನ್ನು ಪೂರೈಸಲು 230 ದಿನಗಳು ಸಾಲದಿದ್ದರೆ, 20,000 ಆವರ್ತಗಳ ಶ್ರವಣಾತೀತ ಯಂತ್ರ ಅದನ್ನು 14 ಗಂಟೆಗಳಲ್ಲಿ ಮುಗಿಸುತ್ತದೆ; ಆದರೆ ಆ ವೇಗಕ್ಕೆ ಲೋಹದ ತುಂಡು ತಾನೇ ಬಿಸಿಯೇರುವುದರಿಂದ ಗಾಳಿಯೂದಿ ತಣಿಸಬೇಕಾಗುತ್ತದೆ, ಅಲ್ಲಿ ದೊರೆತ ಅಂಕಿಯನ್ನು ಮೆಲ್ಲನೆ ಬಾಗಿ ಏಳುವ ರೆಕ್ಕೆಗೆ ನೇರವಾಗಿ ಅನ್ವಯಿಸುವುದು ಅಪಾಯಕರ.

ಶೈತ್ಯವು ಈ ಲೋಹಗಳಿಗೆ ಮಿತ್ರನೇ ಸರಿ. ಎತ್ತರದ ಆಕಾಶದ ಮೈನಸ್ 50 ಡಿಗ್ರಿಯಲ್ಲಿ ಆವಿಯೂ ವಿರಳ, ಲೋಹವೂ ಗಟ್ಟಿ, ಬಿರುಕಿನ ಗತಿಯೂ ಮಂದ. ತಾಪದ ವಿಷಯ ಹಾಗಲ್ಲ. ಸುಮಾರು 120 ಡಿಗ್ರಿಯಲ್ಲಿ ದಿನವಿಡೀ ಇರಿಸಿ ಹದಗೊಳಿಸಿದ 7075 ಎಂಬ ಸತುವಿನ ಮಿಶ್ರಲೋಹಕ್ಕೆ, ಅದಕ್ಕೂ ಮಿಗಿಲಾದ ಕಾವು ಬಹುಕಾಲ ತಗುಲಿದರೆ, ಬಲ ಕೊಟ್ಟ ಸೂಕ್ಷ್ಮಕಣಗಳೇ ದಪ್ಪವಾಗಿ ಹದ ಕೆಡುತ್ತದೆ. ಭಾರದಡಿಯಲ್ಲಿ ಲೋಹ ಮೆಲ್ಲಮೆಲ್ಲನೆ ಹಿಗ್ಗುವ ದೋಷವೂ ಜೊತೆಗೂಡಿ, ಎಷ್ಟು ಸಲ ಎಂಬುದರೊಡನೆ ಎಷ್ಟು ಹೊತ್ತು ಎಂಬುದನ್ನೂ ಎಣಿಸಬೇಕಾಗುತ್ತದೆ.

ಶಬ್ದದ ಎರಡರಷ್ಟು ವೇಗದಲ್ಲಿ ಹಾರಿ, 100 ಡಿಗ್ರಿಗೂ ಮೀರಿ ಮೈ ಕಾಯುತ್ತಿದ್ದ ಕಾಂಕಾರ್ಡ್ ವಿಮಾನಕ್ಕೆ ತಾಮ್ರ, ಮೆಗ್ನೀಸಿಯಂ, ಕಬ್ಬಿಣ, ನಿಕ್ಕಲ್ ಬೆರೆಸಿದ ಬೇರೊಂದು ಮಿಶ್ರಲೋಹವನ್ನೇ ಆರಿಸಿದುದು ಇದರಿಂದಲೇ. ಫಾರ್ನ್‌ಬರೋದಲ್ಲಿ ಆ ವಿಮಾನದ ಇಡೀ ಒಡಲನ್ನು, ಪ್ರತಿ ಹಾರಾಟದ ಲೆಕ್ಕಕ್ಕೂ ಒಮ್ಮೆ ಕಾಯಿಸಿ ಒಮ್ಮೆ ತಣಿಸಿ ಪರೀಕ್ಷಿಸಿದರು. ಹೊರಗಿನ ತಗಡು ಬೇಗ ಕಾಯುತ್ತದೆ, ಒಳಗಿನ ದಪ್ಪನೆಯ ಚೌಕಟ್ಟು ತಡವಾಗಿ ಕಾಯುತ್ತದೆ. ಇವೆರಡರ ಜಗ್ಗಾಟದಿಂದ ಹುಟ್ಟುವ ಒತ್ತಡವನ್ನೂ ಲೋಹ ಸಹಿಸಬೇಕಾದುದರಿಂದ, ಕಾಮೆಟ್ಟಿನ ತೊಟ್ಟಿಯಲ್ಲಿ ಮಾಡಿದಷ್ಟು ತ್ವರೆಯನ್ನು ಇಲ್ಲಿ ಮಾಡಲಾಗಲಿಲ್ಲ. ಆದರೂ ಪ್ರಯಾಣಿಕರನ್ನು ಹೊತ್ತ ಕಾಂಕಾರ್ಡುಗಳ ಹಾರಾಟದ ಲೆಕ್ಕಕ್ಕಿಂತ ಈ ನೆಲದ ಮೇಲಿನ ಒಡಲಿನ ಲೆಕ್ಕ ಯಾವಾಗಲೂ ಮುಂದಿರಲೇಬೇಕಾಗಿತ್ತು.