ಹೀಲಿಯಮ್ ಅನಿಲದ ಅಭಾವ

ಭೂಗರ್ಭದಲ್ಲಿ ಯುರೇನಿಯಮ್, ಥೋರಿಯಮ್ ಧಾತುಗಳು ಕ್ಷಯಿಸುವಾಗ ಹೀಲಿಯಮ್ ಅನಿಲವು ಮೆಲ್ಲಮೆಲ್ಲನೆ ಹುಟ್ಟುವುದು. ಅದರಲ್ಲಿ ಅಲ್ಪ ಭಾಗವು ನೈಸರ್ಗಿಕ ಅನಿಲದ ನಿಕ್ಷೇಪಗಳಲ್ಲಿ ಸೆರೆಯಾಗಿ ನಿಂತಿದೆ. ಇದೊಂದಕ್ಕಾಗಿಯೇ ಬಾವಿ ತೋಡುವವರು ವಿರಳ. ಉರುವಲಿಗೆಂದು ತೆಗೆದ ಅನಿಲವನ್ನು ಶೋಧಿಸುವಾಗ ಇದು ಉಪೋತ್ಪನ್ನವಾಗಿ ದೊರೆಯುವುದು. ಆದುದರಿಂದ ಹೀಲಿಯಮಿನ ಬೆಲೆ ಎಷ್ಟೇರಿದರೂ ಉತ್ಪತ್ತಿಯು ಕೂಡಲೆ ಹೆಚ್ಚಲಾರದು.

ಉತ್ಪತ್ತಿಸ್ಥಾನಗಳಾದರೂ ಕೆಲವೇ: ಅಮೆರಿಕ, ಕತಾರ್, ಆಲ್ಜೀರಿಯ, ರಷ್ಯ ಮುಂತಾದುವು. 2017ನೆಯ ಜೂನ್ ತಿಂಗಳಲ್ಲಿ ಸೌದಿ ಅರೇಬಿಯವು ಗಡಿಯನ್ನು ಮುಚ್ಚಲು, ಸಾಗಿಸುವ ದಾರಿಯಿಲ್ಲದೆ ಕತಾರಿನ ಎರಡು ಸ್ಥಾವರಗಳೂ ಕೆಲವು ವಾರ ನಿಂತುವು. ಲೋಕದ ಹೀಲಿಯಮಿನಲ್ಲಿ ಸುಮಾರು ಕಾಲು ಭಾಗ ಆಗ ಅಲ್ಲಿಂದಲೇ ಬರುತ್ತಿದ್ದಿತು.

ಕೂಡಿಡೋಣವೆಂದರೆ ಅದೂ ದುಸ್ಸಾಧ್ಯ. ದ್ರವ ಹೀಲಿಯಮ್ ಶೂನ್ಯಕ್ಕಿಂತ 269 ಡಿಗ್ರಿ ಸೆಂಟಿಗ್ರೇಡ್ ಕೆಳಗೇ ಕುದಿಯುವುದು. ಎಂತಹ ಭದ್ರವಾದ ಪಾತ್ರೆಯಲ್ಲಿಟ್ಟರೂ ದಿನೇ ದಿನೇ ಆವಿಯಾಗುವುದು. ವಾಯುಮಂಡಲವನ್ನು ಸೇರಿದುದು ಕ್ರಮೇಣ ಅಂತರಿಕ್ಷಕ್ಕೆ ಹಾರಿಹೋಗುವುದು. ಉತ್ಸವದ ಬೆಲೂನುಗಳಲ್ಲಿ ತುಂಬುವುದೂ ಈ ವಸ್ತುವನ್ನೇ ಎಂಬುದು ಸೋಜಿಗ!

ಅರೆವಾಹಕಗಳ ತಯಾರಿಕೆ, ಬೆಸುಗೆ, ಸೋರಿಕೆಯ ಪರೀಕ್ಷೆ ಇವುಗಳಿಗೆ ಹೀಲಿಯಮ್ ಬೇಕು. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಅತಿವಾಹಕ ಕಾಂತವನ್ನು ತಣ್ಣಗಿಡುವುದೂ ಇದೇ. ಅಂತಹ ಯಂತ್ರಕ್ಕೆ ಸಾಮಾನ್ಯವಾಗಿ 1500 ಲೀಟರಿನಷ್ಟು ದ್ರವ ಬೇಕಾಗುತ್ತಿದ್ದಿತು. ಸುಮಾರು 7 ಲೀಟರನ್ನು ಒಳಗೇ ಮುಚ್ಚಿಟ್ಟು ನಡೆಯುವ ಕಾಂತಗಳು ಈಚೆಗೆ ಬಳಕೆಗೆ ಬಂದಿವೆ.