ಯಂತ್ರದ ಹಾಜರಿ ಪುಸ್ತಕ

ಶಾಲೆಗೊಂದು ಹಾಜರಿ ಪುಸ್ತಕವಿರುವಂತೆ ಯೂನಿಕ್ಸ್ ವಂಶದ ಸರ್ವರುಗಳಲ್ಲಿಯೂ ಒಂದುಂಟು. ಯಾರು ಎಷ್ಟು ಹೊತ್ತಿಗೆ ಒಳಬಂದರು, ಎಲ್ಲಿಂದ ಬಂದರು, ಯಾವಾಗ ಹೊರಟರು ಎಂಬುದನ್ನು ಯಂತ್ರವು ತಾನಾಗಿಯೇ ಬರೆದಿಡುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ವ್ಯವಸ್ಥೆಯ 1971ರ ಮೊದಲ ಕೈಪಿಡಿಯಲ್ಲಿಯೇ ಇದರ ಪ್ರಸ್ತಾಪವಿದೆ.

ಪುಸ್ತಕಗಳು ಎರಡು. ‘ಯುಟಿಎಂಪಿ’ ಎಂಬುದು ಈ ಕ್ಷಣ ಒಳಗಿರುವವರ ಪಟ್ಟಿ. ‘ಹೂ’ ಎಂಬ ಆಜ್ಞೆಯಿಂದ ಅದನ್ನು ಓದಬಹುದು. ‘ಡಬ್ಲ್ಯುಟಿಎಂಪಿ’ ಎಂಬುದು ಕಳೆದ ದಿನಗಳ ದಫ್ತರ. ಅದಕ್ಕೆ ‘ಲಾಸ್ಟ್’ ಎಂಬ ಆಜ್ಞೆ. ಲಿನಕ್ಸಿನಲ್ಲಿ ಈ ಆಜ್ಞೆಯ ಮುಂದೆ ಒಂದು ಅಡ್ಡಗೆರೆಯನ್ನೂ ‘ಎಕ್ಸ್’ ಅಕ್ಷರವನ್ನೂ ಸೇರಿಸಿದರೆ, ಯಂತ್ರವನ್ನು ನಿಲ್ಲಿಸಿದ ವೇಳೆಯು ‘ಶಟ್‌ಡೌನ್’ ಎಂಬ ಸಾಲಾಗಿಯೂ, ಮತ್ತೆ ಎದ್ದ ವೇಳೆಯು ‘ರೀಬೂಟ್’ ಎಂಬ ಸಾಲಾಗಿಯೂ ಕಾಣುತ್ತದೆ.

ಹಳಗನ್ನಡ ಪಾಠ ಹೇಳುವ ನನಗೆ ಇದರ ಗೊಡವೆ ಏಕೆ ಬಂತೆಂದು ಓದುಗರು ಕೇಳಬಹುದು. ಕಳೆದ ಮಳೆಗಾಲ ನಮ್ಮ ಶಾಲೆಯ ಸರ್ವರು ಒಂದು ಮಧ್ಯಾಹ್ನ ನಿಂತು, ಮಕ್ಕಳ ಅರ್ಧ ದಿನದ ಕೆಲಸ ಹಾಳಾಯಿತು. ಹತ್ತನೆಯ ತರಗತಿಯ ಒಬ್ಬ ಹುಡುಗ ಆಗತಾನೆ ಆ ಕೋಣೆಯಿಂದ ಹೊರಬಂದದ್ದನ್ನು ನಾನು ಕಂಡಿದ್ದೆ. ತುಂಟನೆಂದು ಹೆಸರಾದವನು, ಅವನದೇ ಕೆಲಸವೆಂದು ಎಲ್ಲರೆದುರು ಗದರಿದೆ. ಅವನು ಅಳಲಿಲ್ಲ. “ಪಟ್ಟಿ ತೆಗೆದು ನೋಡಿ ಸಾರ್,” ಎಂದಷ್ಟೇ ಹೇಳಿದ.

ತೆಗೆಸಿ ನೋಡಿದೆ. ಅವನು 2.10ಕ್ಕೆ ಬಂದು 2.35ಕ್ಕೆ ಕ್ರಮವಾಗಿ ಹೊರಟಿದ್ದ. ‘ಶಟ್‌ಡೌನ್’ ಸಾಲು ಇರಲೇ ಇಲ್ಲ. ಇಬ್ಬರ ಹೆಸರಿನ ಮುಂದೆ ಮಾತ್ರ ‘ಕ್ರ್ಯಾಶ್’ ಎಂದಿತ್ತು: ಒಂದು ವಿಜ್ಞಾನದ ಮೇಷ್ಟರದು, ಇನ್ನೊಂದು ನನ್ನದೇ!

ಇದರ ಅರ್ಥವನ್ನು ತಿಳಿಯಬೇಕು. ಆಜ್ಞೆ ಪಡೆದು ನಿಲ್ಲುವ ಯಂತ್ರ ಸಾಲೊಂದನ್ನು ಬರೆದು ನಿಲ್ಲುತ್ತದೆ. ಹಠಾತ್ತನೆ ಬಿದ್ದ ಯಂತ್ರಕ್ಕೆ ಬರೆಯಲು ವ್ಯವಧಾನವೆಲ್ಲಿ? ಒಳಗಿದ್ದವರು ಹೊರಟ ಗುರುತಿಲ್ಲದೆ ಮುಂದಿನ ‘ರೀಬೂಟ್’ ಸಾಲು ಬಂದರೆ, ‘ಲಾಸ್ಟ್’ ಅದನ್ನು ‘ಕ್ರ್ಯಾಶ್’ ಎಂದು ಊಹಿಸಿ ತೋರಿಸುತ್ತದೆ. ಬಿದ್ದ ವೇಳೆ ಅದರಲ್ಲಿ ಸಿಕ್ಕದು. ನಮ್ಮಲ್ಲಿ ಅಂದು ಕರೆಂಟು ಹೋಗಿತ್ತು. ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿತ್ತು. ಹುಡುಗನನ್ನು ಮರುದಿನ ತರಗತಿಯಲ್ಲಿಯೇ ಕ್ಷಮೆ ಕೇಳಿದೆ.

‘ಶಟ್‌ಡೌನ್’ ಸಾಲು ಇದ್ದರೂ ಆಜ್ಞೆ ಕೊಟ್ಟವರಾರೆಂದು ಅದು ಹೇಳದು. ಅದಕ್ಕೆ ‘ಸುಡೊ’ ಮುಂತಾದವು ಬರೆಯುವ ಅಧಿಕಾರದ ದಿನಚರಿಯನ್ನು ವೇಳೆಗೆ ವೇಳೆ ತಾಳೆ ನೋಡಬೇಕು.

ಇನ್ನೊಂದು ತೊಡಕೆಂದರೆ, ಯಂತ್ರದ ಮೇಲೆ ಪೂರ್ಣಾಧಿಕಾರ ಪಡೆದವನು ಈ ಪುಸ್ತಕವನ್ನೇ ತಿದ್ದಬಲ್ಲ. 1986ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಲೆಕ್ಕ 75 ಸೆಂಟು ತಪ್ಪಿತು. ಖಗೋಳಜ್ಞ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನು ಹತ್ತಿ, ಒಳನುಗ್ಗಿದವನು ಪಶ್ಚಿಮ ಜರ್ಮನಿಯ ಹಾನೋವರಿನಲ್ಲಿರುವುದನ್ನು ಪತ್ತೆಮಾಡಿದ. ಕಳ್ಳನ ಕೈಗೆ ಎಟುಕದಂತೆ, ಹೊರಗಿನಿಂದ ಬರುವ ತಂತಿಗಳಿಗೇ ಮುದ್ರಣಯಂತ್ರ ಜೋಡಿಸಿ ಎಲ್ಲವನ್ನೂ ಕಾಗದದ ಮೇಲೆ ಇಳಿಸಿದ್ದ. ಇಂದು ಅದೇ ಕೆಲಸಕ್ಕೆ ದಾಖಲೆಗಳನ್ನು ಆಗಿಂದಾಗ್ಗೆ ಬೇರೊಂದು ಕಂಪ್ಯೂಟರಿಗೆ ಕಳಿಸುತ್ತಾರೆ. ನಮ್ಮ ಶಾಲೆಯಲ್ಲಿ ಆ ಏರ್ಪಾಟನ್ನು ಮಾಡಿಕೊಟ್ಟವನು ಆ ಹುಡುಗನೇ. ಬ್ಯಾಟರಿಯನ್ನು ಮಾತ್ರ ಇನ್ನೂ ಬದಲಿಸಿಲ್ಲ.